ಪದವಿ ಕಾಲೇಜಿನ ಅಧ್ಯಾಪಕರು ಮತ್ತು ಜಾನಪದ ಸಂಶೋಧನೆ: ಸಾಂಸ್ಥಿಕ ಬೆಂಬಲದ ಚರಿತ್ರೆ

ಕರ್ನಾಟಕದ ಜಾನಪದ ಅಧ್ಯಯನದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅದನ್ನು ಮೂರು ಘಟ್ಟಗಳಾಗಿ ವಿಂಗಡಿಸುತ್ತಾರೆ. ಮಿಷನರಿಗಳು ಹಾಗೂ ಬ್ರಿಟಿಷ್ ಅಧಿಕಾರಿಗಳ ಕಾಲ ಮೊದಲನೆಯದು, ದೇಶೀಯ ಸಂಗ್ರಾಹಕರ ಕಾಲ ಎರಡನೆಯದು, ವಿಶ್ವವಿದ್ಯಾನಿಲಯಗಳ ಕಾಲ ಮೂರನೆಯದು. ಈ ವಿಂಗಡಣೆ ತಪ್ಪೆನ್ನುವಂತಿಲ್ಲ. ಆದರೆ ಮೂರನೆಯ ಘಟ್ಟವನ್ನು ವಿಶ್ವವಿದ್ಯಾನಿಲಯಗಳ ಹೆಸರಿನಲ್ಲಿ ಗುರುತಿಸಿದ ಕೂಡಲೇ ಒಂದು ದೊಡ್ಡ ವರ್ಗ ಮರೆಗೆ ಸರಿಯುತ್ತದೆ. ತಾಲೂಕು ಮತ್ತು ಜಿಲ್ಲಾ ಕೇಂದ್ರಗಳ ಪದವಿ ಕಾಲೇಜುಗಳಲ್ಲಿ ಪಾಠ ಹೇಳುತ್ತಾ, ಬಿಡುವಿನಲ್ಲಿ ಹಳ್ಳಿಗಳಿಗೆ ಹೋಗಿ ಹಾಡು, ಕಥೆ, ಆಟ, ಆಚರಣೆಗಳನ್ನು ಬರೆದುಕೊಂಡು ಬಂದ ಅಧ್ಯಾಪಕರ ವರ್ಗ ಅದು. ವಿಶ್ವವಿದ್ಯಾನಿಲಯದ ವಿಭಾಗಗಳಿಗೆ ಸಾಮಗ್ರಿ ಬಂದದ್ದು, ಪಿಎಚ್.ಡಿ. ಪದವಿಗೆ ಹೆಸರು ನೋಂದಾಯಿಸಿದವರು ಬಂದದ್ದು, ಸಮ್ಮೇಳನಗಳಲ್ಲಿ ಪ್ರಬಂಧ ಓದಿದವರು ಬಂದದ್ದು ಬಹುಪಾಲು ಈ ವರ್ಗದಿಂದಲೇ. ಇವರು ಏನನ್ನು ಸಂಗ್ರಹಿಸಿದರು ಎಂಬುದರ ಬಗ್ಗೆ ಸಾಕಷ್ಟು ಬರೆಹಗಳಿವೆ. ಯಾವ ಬೆಂಬಲದಿಂದ ಸಂಗ್ರಹಿಸಿದರು, ಬೆಂಬಲದ ಸ್ವರೂಪ ಬದಲಾದಂತೆ ಸಂಶೋಧನೆಯ ಸ್ವರೂಪ ಹೇಗೆ ಬದಲಾಯಿತು ಎಂಬ ಪ್ರಶ್ನೆಗೆ ಮಾತ್ರ ಅಷ್ಟು ಗಮನ ಸಂದಿಲ್ಲ. ಪ್ರಸ್ತುತ ಲೇಖನದ ಕಾಳಜಿ ಅದು.

ಮೊದಲ ಘಟ್ಟದವರ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭ. 1886ರಲ್ಲಿ ತುಳು ಪಾಡ್ದನಗಳನ್ನು ಅಚ್ಚು ಮಾಡಿಸಿದ ಎ. ಮ್ಯಾನರ್ ಅವರ ಬೆನ್ನಿಗೆ ಬಾಸೆಲ್ ಮಿಷನ್ ಇತ್ತು, ಅದರ ಮಂಗಳೂರಿನ ಮುದ್ರಣಾಲಯವಿತ್ತು. ಕನ್ನಡ ಲಾವಣಿಗಳನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಜೆ.ಎಫ್. ಫ್ಲೀಟ್ ಅವರು ಮುಂಬಯಿ ಸರ್ಕಾರದ ಅಧಿಕಾರಿಗಳಾಗಿದ್ದರು. ಸಂಬಳ, ಸಂಚಾರ, ಸಹಾಯಕರು, ಪ್ರಕಟಣೆ ಎಲ್ಲವೂ ಹುದ್ದೆಯ ಜೊತೆಗೇ ಬಂದಿದ್ದವು. ಎರಡನೆಯ ಘಟ್ಟದಲ್ಲಿ ಇವು ಯಾವುವೂ ಇರಲಿಲ್ಲ. 1931ರಲ್ಲಿ ‘ಗರತಿಯ ಹಾಡು’ ಹೊರತಂದ ಹಲಸಂಗಿಯ ಗೆಳೆಯರಿಗೆ ಇದ್ದ ಆಧಾರವೆಂದರೆ ಊರು ಮತ್ತು ಗೆಳೆತನ. ಹಾಡುವ ತಾಯಂದಿರು ಪಕ್ಕದ ಮನೆಯಲ್ಲಿಯೇ ಇದ್ದುದರಿಂದ ಕ್ಷೇತ್ರಕಾರ್ಯ ಎಂಬ ಶಬ್ದದ ಅಗತ್ಯವೂ ಅವರಿಗೆ ಬೀಳಲಿಲ್ಲ.

ಕಾಲೇಜಿನ ಅಧ್ಯಾಪಕರ ಸ್ಥಿತಿ ಇವೆರಡಕ್ಕಿಂತ ಭಿನ್ನ. ಅವರಿಗೆ ಸಂಬಳವಿತ್ತು, ಆದರೆ ಅದು ಪಾಠ ಹೇಳುವುದಕ್ಕೆ ಕೊಡುವ ಸಂಬಳ. 1857ರಲ್ಲಿ ಕಲಕತ್ತಾ, ಮುಂಬಯಿ, ಮದರಾಸುಗಳಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯಗಳು ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದವು. ಬೋಧನೆ ಅವುಗಳಿಗೆ ಸಂಯೋಜಿತವಾದ ಕಾಲೇಜುಗಳ ಹೊಣೆಯಾಗಿತ್ತು. ಮುಂದೆ ವಿಶ್ವವಿದ್ಯಾನಿಲಯಗಳೇ ಸ್ನಾತಕೋತ್ತರ ವಿಭಾಗಗಳನ್ನು ತೆರೆದಾಗ ಸಂಶೋಧನೆ ಆ ವಿಭಾಗಗಳ ಪಾಲಿಗೆ ಹೋಯಿತು. ಕಾಲೇಜು ಬೋಧನೆಗೆ, ವಿಶ್ವವಿದ್ಯಾನಿಲಯ ಸಂಶೋಧನೆಗೆ ಎಂಬ ಈ ಹಂಚಿಕೆ ಯಾವ ಕಾಯಿದೆಯಲ್ಲಿಯೂ ಇಷ್ಟು ಸ್ಪಷ್ಟವಾಗಿ ಬರೆದದ್ದಲ್ಲ. ವೇಳಾಪಟ್ಟಿಯಲ್ಲಿ, ಗ್ರಂಥಾಲಯದ ಗಾತ್ರದಲ್ಲಿ, ರಜೆಯ ನಿಯಮಗಳಲ್ಲಿ ಅದು ನೆಲೆಗೊಂಡಿತು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮಹಾರಾಜಾ ಕಾಲೇಜು ಮತ್ತು ಸೆಂಟ್ರಲ್ ಕಾಲೇಜುಗಳು ವಿಶ್ವವಿದ್ಯಾನಿಲಯದ ಅಂಗಗಳೇ ಆಗಿದ್ದುದರಿಂದ ಅಲ್ಲಿ ಈ ಗೋಡೆ ಅಷ್ಟು ಗಟ್ಟಿಯಾಗಿರಲಿಲ್ಲ. ಕನ್ನಡದ ವಿದ್ವತ್ ಪತ್ರಿಕೆಗಳಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ‘ಪ್ರಬುದ್ಧ ಕರ್ನಾಟಕ’ 1919ರಲ್ಲಿ ಹುಟ್ಟಿದ್ದು ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಲ್ಲಿ, ಎ.ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಅದು ಇಲಾಖೆಯ ಯೋಜನೆಯಾಗಿರಲಿಲ್ಲ. ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಕೂಡಿ ಕಟ್ಟಿದ ಸಂಘದ ಕೆಲಸವಾಗಿತ್ತು.

ಉತ್ತರ ಕರ್ನಾಟಕದಲ್ಲಿ ಚಿತ್ರ ಬೇರೆ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಸ್ಥಾಪನೆಯಾಗುವವರೆಗೂ ಅಲ್ಲಿನ ಕಾಲೇಜುಗಳ ದೃಷ್ಟಿ ಮುಂಬಯಿಯ ಕಡೆಗಿತ್ತು. ಕೆ.ಎಲ್.ಇ. ಸಂಸ್ಥೆಯಂತಹ ಖಾಸಗಿ ಶಿಕ್ಷಣ ಸಂಸ್ಥೆಗಳು ನಡೆಸಿದ ಕಾಲೇಜುಗಳಲ್ಲಿ ಅಧ್ಯಾಪಕರಿಗೆ ಬೋಧನೆಯ ಹೊರೆ ಹೆಚ್ಚು, ಗ್ರಂಥ ಸೌಲಭ್ಯ ಕಡಿಮೆ. ಇಂತಹ ಒಂದು ಕಾಲೇಜಿನಲ್ಲಿ, ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ, 1950ರ ದಶಕದಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು ಎ.ಕೆ. ರಾಮಾನುಜನ್. ಅವರ ಗಾದೆಗಳ ಅಧ್ಯಯನ ‘ಗಾದೆಗಳು’ ಎಂಬ ಹೆಸರಿನಲ್ಲಿ 1955ರಲ್ಲಿ ಧಾರವಾಡದ ವಿಶ್ವವಿದ್ಯಾನಿಲಯದಿಂದ ಪ್ರಕಟವಾಯಿತು. ಅದೇ ವರ್ಷಗಳಲ್ಲಿ ಅವರು ಆ ಭಾಗದ ಕನ್ನಡ ಕಥೆಗಳನ್ನು ಬರೆದಿಟ್ಟುಕೊಳ್ಳುತ್ತಿದ್ದರು. ಕಥೆಗಳ ಪಠ್ಯ, ಅನುವಾದ, ಪಾಠಾಂತರಗಳ ಹೋಲಿಕೆ ಇವೆಲ್ಲ ಪಕ್ವವಾದದ್ದು ಅವರು ಶಿಕಾಗೊ ಸೇರಿದ ಮೇಲೆ. ಕನ್ನಡ ಕಥೆಗಳ ಅವರ ಸಂಗ್ರಹ ಗ್ರಂಥರೂಪದಲ್ಲಿ ಬಂದದ್ದು 1997ರಲ್ಲಿ, ಅವರು ತೀರಿಕೊಂಡು ನಾಲ್ಕು ವರ್ಷಗಳಾದ ಬಳಿಕ. ಕಾಲೇಜಿನ ವರ್ಷಗಳ ಟಿಪ್ಪಣಿ ಪುಸ್ತಕವಾಗಲು ಸುಮಾರು ನಾಲ್ಕು ದಶಕ ಹಿಡಿಯಿತು ಎಂಬುದು ಇಲ್ಲಿ ಮುಖ್ಯ. ಸಂಗ್ರಹಕ್ಕೆ ಕಾಲೇಜಿನ ನೆಲೆ ಅನುಕೂಲವಾಗಿತ್ತು. ವಿಶ್ಲೇಷಣೆಗೆ ಬೇಕಾದ ಸಮಯ, ಗ್ರಂಥಾಲಯ, ಸಹವಿದ್ವಾಂಸರ ಒಡನಾಟಗಳು ಅಲ್ಲಿ ಇರಲಿಲ್ಲ. ಬೆಳಗಾವಿಯಲ್ಲಿಯೇ ಉಳಿದಿದ್ದರೆ ಆ ಟಿಪ್ಪಣಿಗಳು ಏನಾಗುತ್ತಿದ್ದವು ಎಂದು ಯಾರೂ ಹೇಳಲಾರರು. ಹಾಗೆ ಉಳಿದವರ ಟಿಪ್ಪಣಿಗಳು ಏನಾದವು ಎಂಬುದನ್ನು ಮಾತ್ರ ಹುಡುಕಿ ನೋಡಬಹುದು.

ಇದೇ ಕಾಲದಲ್ಲಿ ಧಾರವಾಡದಲ್ಲಿ ಬಿ.ಎಸ್. ಗದ್ದಗಿಮಠರು ಜನಪದ ಗೀತೆಗಳನ್ನು ಕುರಿತು ಸಿದ್ಧಪಡಿಸಿದ ಮಹಾಪ್ರಬಂಧ ಕನ್ನಡ ಜಾನಪದದಲ್ಲಿ ಮೊದಲ ಪಿಎಚ್.ಡಿ. ಪ್ರಬಂಧವೆಂದು ಮನ್ನಣೆ ಪಡೆದಿದೆ. ‘ಕನ್ನಡ ಜಾನಪದ ಗೀತೆಗಳು’ ಎಂಬ ಹೆಸರಿನಲ್ಲಿ ಅದು ಗ್ರಂಥವಾದದ್ದು 1963ರಲ್ಲಿ. ಇದರ ಪರಿಣಾಮ ವಿಷಯದ ವ್ಯಾಪ್ತಿಯನ್ನು ಮೀರಿದ್ದು. ಹಳ್ಳಿಯ ಹಾಡನ್ನು ಕುರಿತು ಬರೆದರೂ ಡಾಕ್ಟರೇಟ್ ದೊರೆಯುತ್ತದೆ ಎಂಬುದು ಖಚಿತವಾದ ಮೇಲೆ ಕಾಲೇಜಿನ ಕನ್ನಡ ಅಧ್ಯಾಪಕರಿಗೆ ತಮ್ಮ ಹುಟ್ಟೂರೇ ಸಂಶೋಧನೆಯ ಕ್ಷೇತ್ರವಾಗಿ ಕಂಡಿತು. ಹಳಗನ್ನಡದ ಹಸ್ತಪ್ರತಿಗಳಿಗಾಗಿ ಮೈಸೂರಿಗೋ ಮದರಾಸಿಗೋ ಅಲೆಯಬೇಕಿದ್ದ ಸಂಶೋಧಕರು ಶನಿವಾರ ಬಸ್ಸು ಹತ್ತಿ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಸಾಮಗ್ರಿಯೊಂದಿಗೆ ತರಗತಿಗೆ ಹಾಜರಾಗಬಹುದಿತ್ತು. ಜಾನಪದ ಕಾಲೇಜುಗಳಲ್ಲಿ ವೇಗವಾಗಿ ಹಬ್ಬಿದ್ದಕ್ಕೆ ಸೈದ್ಧಾಂತಿಕ ಕಾರಣಗಳನ್ನು ಹುಡುಕುವವರು ಈ ಬಸ್ಸಿನ ಸಂಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕುಮಟೆಯ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎಲ್.ಆರ್. ಹೆಗಡೆಯವರು ಹಾಲಕ್ಕಿ ಒಕ್ಕಲಿಗರು ಮೊದಲಾಗಿ ಉತ್ತರ ಕನ್ನಡದ ಸಮುದಾಯಗಳ ಹಾಡು ಮತ್ತು ಕಥೆಗಳನ್ನು ಸಂಪುಟಗಟ್ಟಲೆ ಸಂಗ್ರಹಿಸಿದ್ದು ಇಂತಹ ಸಾಮೀಪ್ಯದ ಬಲದಿಂದಲೇ.

ವಿದ್ಯಾರ್ಥಿಗಳ ಪಾತ್ರವನ್ನೂ ಇಲ್ಲಿಯೇ ಹೇಳುವುದು ಉಚಿತ. ಪದವಿ ತರಗತಿಗೆ ಬರುತ್ತಿದ್ದ ಹಳ್ಳಿಯ ವಿದ್ಯಾರ್ಥಿಗಳಿಗೆ, ವಿಶೇಷವಾಗಿ ವಿದ್ಯಾರ್ಥಿನಿಯರಿಗೆ, ಅಜ್ಜಿ-ತಾಯಂದಿರಿಂದ ಹಾಡು ಬರೆಸಿಕೊಂಡು ಬರುವಂತೆ ಹೇಳುವುದು ಕನ್ನಡ ಅಧ್ಯಾಪಕರ ರೂಢಿಯಾಯಿತು. ಬೀಸುವ ಪದ, ಸೋಬಾನೆ, ಜೋಗುಳಗಳ ಎಷ್ಟೋ ಸಂಗ್ರಹಗಳು ಈ ದಾರಿಯಲ್ಲಿ ಬಂದಿವೆ. ಸಂಶೋಧನೆಗೆ ದೊರೆತ ಮೊದಲ ‘ಸಹಾಯಕ ಸಿಬ್ಬಂದಿ’ ಇವರೇ ಎನ್ನಬೇಕು. ಸಂಭಾವನೆ ಇಲ್ಲದ, ಮುನ್ನುಡಿಯ ಕೊನೆಯ ಸಾಲಿನಲ್ಲಿ ಒಟ್ಟಾಗಿ ಕೃತಜ್ಞತೆ ಪಡೆದ ಸಿಬ್ಬಂದಿ. ಹಾಡಿದವರ ಹೆಸರಂತೂ ಆ ಕಾಲದ ಅನೇಕ ಸಂಗ್ರಹಗಳಲ್ಲಿ ಇಲ್ಲವೇ ಇಲ್ಲ. ವಕ್ತೃವಿನ ಹೆಸರು, ವಯಸ್ಸು, ಜಾತಿ, ಹಾಡಿದ ಸಂದರ್ಭಗಳನ್ನು ದಾಖಲಿಸಬೇಕೆಂಬ ಶಿಸ್ತು ವಿಶ್ವವಿದ್ಯಾನಿಲಯಗಳ ತರಬೇತಿಯಿಂದ ಬಂದದ್ದು. ತರಬೇತಿ ತಲುಪದಿದ್ದ ಕಾಲೇಜುಗಳಲ್ಲಿ ಅದು ತಡವಾಗಿ ಬಂತು.

ಮೈಸೂರಿನಲ್ಲಿ 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ, 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಆರಂಭವಾದವು. ದೇ. ಜವರೇಗೌಡರ ಆಡಳಿತದ ಬೆಂಬಲ, ಜೀ.ಶಂ. ಪರಮಶಿವಯ್ಯನವರ ಕ್ಷೇತ್ರಾನುಭವ ಎರಡೂ ಸೇರಿ ಜಾನಪದ ಪಠ್ಯವಿಷಯವಾಯಿತು. ಧಾರವಾಡದ ಕನ್ನಡ ಅಧ್ಯಯನ ಪೀಠವು 1970ರ ದಶಕದಿಂದ ನಡೆಸಿದ ಜಾನಪದ ಸಮ್ಮೇಳನಗಳ ಪ್ರಬಂಧಗಳು ‘ಜಾನಪದ ಸಾಹಿತ್ಯ ದರ್ಶನ’ ಸಂಪುಟಗಳಾಗಿ ಬಂದವು. ಈ ಸಂಪುಟಗಳ ಬೆಲೆ ಇಂದು ಬೇರೆ ಕಾರಣಕ್ಕೂ ಹೆಚ್ಚುತ್ತದೆ. ಸಂಯೋಜಿತ ಕಾಲೇಜಿನ ಅಧ್ಯಾಪಕರಿಗೆ ಪ್ರಬಂಧ ಮಂಡಿಸಲು, ಅದು ಅಚ್ಚಾಗುವುದನ್ನು ಕಾಣಲು ದೊರೆತ ವೇದಿಕೆ ಅದು. ಪ್ರಬಂಧಗಳಲ್ಲಿ ಕೆಲವು ತೆಳುವಾಗಿವೆ. ಕೆಲವು ಆಯಾ ಪ್ರದೇಶದ ಆಚರಣೆಗಳ ಬಗ್ಗೆ ಬೇರೆಲ್ಲೂ ದೊರೆಯದ ವಿವರಗಳನ್ನು ಉಳಿಸಿವೆ. ಮುಂದೆ ಜಾನಪದ ಅಕಾಡೆಮಿಯು ವಿದ್ವಾಂಸರಿಗೆ ಕೊಡುವ ಪ್ರಶಸ್ತಿಗಳಿಗೆ ಜೀ.ಶಂ.ಪ. ಮತ್ತು ಗದ್ದಗಿಮಠರ ಹೆಸರುಗಳನ್ನೇ ಇಟ್ಟಿತು.

ಸರ್ಕಾರದ ಮಟ್ಟದಲ್ಲಿ ಕಾಲೇಜು ಅಧ್ಯಾಪಕರ ಸಂಶೋಧನೆಗೆ ಕ್ರಮಬದ್ಧ ಬೆಂಬಲ ಬಂದದ್ದು ವಿಶ್ವವಿದ್ಯಾನಿಲಯ ಅನುದಾನ ಆಯೋಗದಿಂದ. 1956ರ ಕಾಯಿದೆಗೆ 1972ರಲ್ಲಿ ಸೇರಿದ 12(ಬಿ) ಕಲಮು ಯಾವ ಸಂಸ್ಥೆ ಕೇಂದ್ರದ ಅನುದಾನಕ್ಕೆ ಅರ್ಹ ಎಂಬುದನ್ನು ನಿರ್ಧರಿಸಿತು. ಐದನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ (1974–79) ಅಧ್ಯಾಪಕರ ಅಭಿವೃದ್ಧಿ ಕಾರ್ಯಕ್ರಮ ಆರಂಭವಾಯಿತು. ಅಧ್ಯಾಪಕರ ನಡುವೆ ‘ಎಫ್.ಐ.ಪಿ.’ ಎಂದೇ ಪರಿಚಿತವಾದ ಈ ಕಾರ್ಯಕ್ರಮದ ಕ್ರಮ ಸರಳವಾಗಿತ್ತು. ಎಂ.ಫಿಲ್. ಅಥವಾ ಪಿಎಚ್.ಡಿ.ಗಾಗಿ ಅಧ್ಯಾಪಕರಿಗೆ ವೇತನಸಹಿತ ರಜೆ. ಅವರ ಸ್ಥಾನದಲ್ಲಿ ಪಾಠ ಹೇಳುವ ಬದಲಿ ಅಧ್ಯಾಪಕರ ವೇತನ ಆಯೋಗದ್ದು. ಇದರ ಗುಟ್ಟು ಎರಡನೆಯ ಭಾಗದಲ್ಲಿದೆ. ರಜೆ ಕೇಳಿದ ಅಧ್ಯಾಪಕರಿಗೆ ಆಡಳಿತ ಮಂಡಳಿ ಇಲ್ಲವೆನ್ನಲು ಹಣದ ಕಾರಣ ಉಳಿಯಲಿಲ್ಲ. ತಮ್ಮ ತರಗತಿಯ ಹೊರೆ ಬೀಳುವುದೆಂದು ಸಹೋದ್ಯೋಗಿಗಳು ಮುಖ ತಿರುಗಿಸಲೂ ಕಾರಣ ಉಳಿಯಲಿಲ್ಲ. 1980 ಮತ್ತು 90ರ ದಶಕಗಳಲ್ಲಿ ಕನ್ನಡ ಜಾನಪದದಲ್ಲಿ ಬಂದ ಪ್ರಾದೇಶಿಕ ಅಧ್ಯಯನಗಳು, ಒಂದು ತಾಲೂಕು, ಒಂದು ಸಮುದಾಯ, ಒಂದು ದೈವ ಅಥವಾ ಒಂದು ಕಲಾಪ್ರಕಾರವನ್ನು ಹಿಡಿದು ಬರೆದ ಪ್ರಬಂಧಗಳು, ಈ ರಜೆಗೆ ಬಹಳ ಋಣಿಯಾಗಿವೆ. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಸಂಶೋಧನೆಯೇ ಮುಖ್ಯವಾದ ಇನ್ನೊಂದು ಬಾಗಿಲು ತೆರೆಯಿತು.

ಹಣಕ್ಕಿಂತ ಕಾಲ ಮುಖ್ಯ ಎಂಬುದು ಜಾನಪದದ ವಿಷಯದಲ್ಲಿ ಇನ್ನಷ್ಟು ನಿಜ. ಕಾಲೇಜಿನ ಪಂಚಾಂಗಕ್ಕೂ ಹಳ್ಳಿಯ ಪಂಚಾಂಗಕ್ಕೂ ತಾಳೆಯಾಗುವುದಿಲ್ಲ. ತುಳುನಾಡಿನಲ್ಲಿ ಕೋಲ-ನೇಮಗಳು ದೀಪಾವಳಿಯ ನಂತರ ಶುರುವಾಗಿ ಮೇ ತಿಂಗಳ ಕೊನೆಯ ಪತ್ತನಾಜೆಗೆ ಮುಗಿಯುತ್ತವೆ. ಆದುದರಿಂದ ಬೇಸಿಗೆ ರಜೆಯಲ್ಲಿ ಅಧ್ಯಾಪಕರು ಅವುಗಳನ್ನು ಕಾಣಬಹುದು. ಆದರೆ ಹೆಂಗಸರು ನೇಜಿ ನೆಡುವಾಗ ಹೇಳುವ ಕಬಿತಗಳು, ಓಬೇಲೆಗಳು ಕೇಳಿಸುವುದು ಮಳೆಗಾಲದಲ್ಲಿ. ಆಗ ಕಾಲೇಜು ಪುನರಾರಂಭವಾಗಿ ಪ್ರವೇಶ ಪ್ರಕ್ರಿಯೆಯ ಗದ್ದಲ ನಡೆದಿರುತ್ತದೆ. ಉತ್ತರ ಕರ್ನಾಟಕದಲ್ಲಿ ಜಾತ್ರೆ, ಮದುವೆಗಳು ರಜೆಗೆ ಹೊಂದಿಕೊಳ್ಳುತ್ತವೆ. ಕಣದಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಹಂತಿಯ ಹಾಡು ಸುಗ್ಗಿಯ ಕಾಲದ್ದು, ಅಂದರೆ ತರಗತಿಗಳ ಕಾಲದ್ದು. ನಮ್ಮ ಸಂಗ್ರಹಗಳಲ್ಲಿ ಆಚರಣೆ, ಜಾತ್ರೆ, ಮದುವೆಯ ಹಾಡುಗಳು ಅವುಗಳ ಸಹಜ ಸಂದರ್ಭದಲ್ಲಿ ದೊರೆತಷ್ಟು ಕೆಲಸದ ಹಾಡುಗಳು ದೊರೆತಿಲ್ಲ. ಬಹಳಷ್ಟು ಕೆಲಸದ ಹಾಡುಗಳನ್ನು ಜಗಲಿಯ ಮೇಲೆ ಕೂರಿಸಿ, ನೆನಪಿನಿಂದ ಹೇಳಿಸಿ ಬರೆದುಕೊಂಡದ್ದು. ಇದಕ್ಕೆ ಯಂತ್ರಗಳ ಆಗಮನ, ಬೇಸಾಯದ ಬದಲಾವಣೆಗಳು ಕಾರಣವೆಂದು ಹೇಳುವುದು ವಾಡಿಕೆ. ಅಧ್ಯಾಪಕರ ರಜೆಯ ಪಟ್ಟಿಯೂ ಒಂದು ಕಾರಣವೆಂದು ಸೇರಿಸಲು ಅಡ್ಡಿಯಿಲ್ಲ. ಎಫ್.ಐ.ಪಿ.ಯಂತಹ ದೀರ್ಘ ರಜೆ ದೊರೆತವರು ಮಾತ್ರ ಒಂದು ಹಳ್ಳಿಯ ಪೂರ್ಣ ವರ್ಷವನ್ನು ನೋಡಲು ಸಾಧ್ಯವಾಯಿತು. ಪದವಿ ತರಗತಿಗಳಿಗೆ ಸೆಮಿಸ್ಟರ್ ಪದ್ಧತಿ ಬಂದು ವರ್ಷಕ್ಕೆ ಎರಡು ಪರೀಕ್ಷೆ, ಎರಡು ಮೌಲ್ಯಮಾಪನಗಳಾದ ಮೇಲೆ ಬೇಸಿಗೆಯ ಬಿಡುವೂ ಹರಿದು ಹಂಚಿಹೋಯಿತು.

ಸಂಶೋಧನೆಗೆ ಕಾಲೇಜೇ ನೆಲೆಯಾದ ನಿದರ್ಶನಗಳು ಕಡಿಮೆ. ಅವುಗಳಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ವಿಸ್ತಾರವಾದ ಪರಿಶೀಲನೆಗೆ ಅರ್ಹವಾಗಿದೆ. 1949ರಲ್ಲಿ ಟಿ.ಎಂ.ಎ. ಪೈ ಅವರು ಸ್ಥಾಪಿಸಿದ ಈ ಕಾಲೇಜು ಮೂಲತಃ ಪದವಿ ಬೋಧನೆಗಾಗಿ ಇದ್ದ ಸಂಸ್ಥೆ. ಅದರ ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರು ಅರ್ಥಶಾಸ್ತ್ರದ ಅಧ್ಯಾಪಕರು. ರಾಷ್ಟ್ರಕವಿ ಗೋವಿಂದ ಪೈಗಳು 1963ರಲ್ಲಿ ನಿಧನರಾದ ಮೇಲೆ ಅವರ ಗ್ರಂಥಸಂಗ್ರಹ ಈ ಕಾಲೇಜಿಗೆ ಬಂತು. ಅದರ ಸುತ್ತ ಅವರ ಹೆಸರಿನ ಸಂಶೋಧನಾ ಕೇಂದ್ರ ಬೆಳೆಯಿತು. 1971ರಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಶಿವರಾಮ ಕಾರಂತರ ಪ್ರಯೋಗಗಳಿಗೆ ಅದು ನೆಲೆಯಾಯಿತು. 1979ರಲ್ಲಿ ತುಳು ನಿಘಂಟು ಯೋಜನೆ, 1980ರ ದಶಕದ ಆರಂಭದಲ್ಲಿ ಫೋರ್ಡ್ ಫೌಂಡೇಶನ್ನಿನ ನೆರವಿನಿಂದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ, ಹೀಗೆ ಒಂದರ ಹಿಂದೆ ಒಂದು ಬಂದವು.

ಇಲ್ಲಿ ಗಮನಿಸಬೇಕಾದುದು ಕೇಂದ್ರಗಳ ಸಂಖ್ಯೆಯನ್ನಲ್ಲ, ಬೆಂಬಲದ ರಚನೆಯನ್ನು. ನಿಘಂಟಿನ ಕೆಲಸಕ್ಕೆ ಪ್ರಧಾನ ಸಂಪಾದಕರಾಗಿ ಬಂದ ಯು.ಪಿ. ಉಪಾಧ್ಯಾಯರು ಸೆನೆಗಲ್‌ನ ಡಾಕಾರ್‌ನಲ್ಲಿ ಕೆಲಸ ಮಾಡಿ ಬಂದಿದ್ದ ಭಾಷಾವಿಜ್ಞಾನಿ. ಅಂದರೆ ಕಾಲೇಜಿನ ಕನ್ನಡ ಅಧ್ಯಾಪಕರ ಮೇಲೆ ತರಗತಿಯ ಜೊತೆಗೆ ನಿಘಂಟಿನ ಹೊರೆಯನ್ನೂ ಹೊರಿಸಲಿಲ್ಲ. ಪೂರ್ಣಾವಧಿಯ ವಿದ್ವಾಂಸರನ್ನು ನೇಮಿಸಿ, ಅಧ್ಯಾಪಕರು ಅವರೊಡನೆ ಒಡನಾಡುವ ವಾತಾವರಣವನ್ನು ನಿರ್ಮಿಸಲಾಯಿತು. ರಾಜ್ಯ ಮತ್ತು ಕೇಂದ್ರ ಸರ್ಕಾರಗಳ ನೆರವೂ ದೊರೆಯಿತು. ಮೊದಲ ಸಂಪುಟ 1988ರಲ್ಲಿ, ಆರನೆಯ ಮತ್ತು ಕೊನೆಯ ಸಂಪುಟ 1997ರಲ್ಲಿ ಪ್ರಕಟವಾದವು. ಯೋಜನೆ ಆರಂಭವಾದಂದಿನಿಂದ ಲೆಕ್ಕ ಹಾಕಿದರೆ ಹದಿನೆಂಟು ವರ್ಷ. ಲಿಖಿತ ಸಾಹಿತ್ಯ ವಿರಳವಾದ ಭಾಷೆಯೊಂದಕ್ಕೆ ನಿಘಂಟು ಮಾಡುವುದೆಂದರೆ ಪಾಡ್ದನ, ಗಾದೆ, ಒಗಟು, ಕೃಷಿ ಮತ್ತು ಕಸುಬುಗಳ ಮಾತುಗಳನ್ನು ಜಾತಿ ಮತ್ತು ಪ್ರದೇಶಗಳ ಉಪಭಾಷೆಗಳಿಂದ ಆಯ್ದು ಜೋಡಿಸುವುದು. ನಿಘಂಟಿನ ಕೆಲಸವೇ ಜಾನಪದದ ಕೆಲಸವಾಯಿತು. ಅಷ್ಟು ವರ್ಷಗಳ ಕಾಲ ಕಾಯುವ ತಾಳ್ಮೆ ಒಂದು ಪದವಿ ಕಾಲೇಜಿನ ಆಡಳಿತಕ್ಕೆ ಇದ್ದುದು ಸಣ್ಣ ಮಾತಲ್ಲ.

ರಂಗಕಲೆಗಳ ಕೇಂದ್ರದ ಸಾಧನೆ ಇನ್ನೊಂದು ಬಗೆಯದು. ಅಧ್ಯಾಪಕರ ಕೈಗೆ ಎಟುಕದಿದ್ದ ಧ್ವನಿಮುದ್ರಣ, ದೃಶ್ಯಮುದ್ರಣ ಉಪಕರಣಗಳು ಅಲ್ಲಿ ಒಂದೆಡೆ ದೊರೆತವು. ಮುದ್ರಿಸಿಕೊಂಡದ್ದನ್ನು ಇಡಲು ಜಾಗವೂ ದೊರೆಯಿತು. ತುಳುನಾಡಿನ ಸಿರಿ ಆರಾಧನೆಯನ್ನು ಅಧ್ಯಯನ ಮಾಡಿದ ಅಮೆರಿಕದ ಪೀಟರ್ ಕ್ಲಾಸ್, ಫಿನ್ಲೆಂಡಿನ ಲೌರಿ ಹೊಂಕೊ ಮೊದಲಾದ ವಿದ್ವಾಂಸರಿಗೆ ಉಡುಪಿ ಬಂದು ಹೋಗುವ ತಾಣವಾಯಿತು. ತರಬೇತಿ ಶಿಬಿರಗಳು ನಡೆದವು. ಪುತ್ತೂರಿನ ವಿವೇಕಾನಂದ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಅಮೃತ ಸೋಮೇಶ್ವರರು, ಮಂಗಳೂರಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತಿದ್ದ ಎಂ. ಪ್ರಭಾಕರ ಜೋಶಿಯವರು ಮುಂತಾದವರು ಯಕ್ಷಗಾನ ಮತ್ತು ತುಳು ಜಾನಪದದಲ್ಲಿ ಮಾಡಿದ ಕೆಲಸಕ್ಕೆ ಕರಾವಳಿಯಲ್ಲಿ ಸಹೃದಯ ವಿದ್ವದ್ವಲಯವೊಂದು ಇದ್ದೇ ಇತ್ತು. ಅರ್ಥಶಾಸ್ತ್ರ, ವಾಣಿಜ್ಯ, ಇಂಗ್ಲಿಷ್ ಅಧ್ಯಾಪಕರು ಜಾನಪದಕ್ಕೆ ಬಂದ ಈ ಪರಂಪರೆ ವಿಶೇಷವಾದುದು. ಅವರಿಗೆ ಇದರಿಂದ ಬಡ್ತಿ ಸಿಗುವಂತಿರಲಿಲ್ಲ. ಹಾಗೆಯೇ ಯಾರ ಅನುಮತಿಯೂ ಬೇಕಿರಲಿಲ್ಲ.

ಉಡುಪಿಯ ಪಕ್ಕದಲ್ಲಿಯೇ ವಿಶ್ವವಿದ್ಯಾನಿಲಯದ ನೆಲೆಯೂ ರೂಪುಗೊಂಡಿತು. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾದ ಮಂಗಳಗಂಗೋತ್ರಿ 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಬಿ.ಎ. ವಿವೇಕ ರೈ ಅವರ ‘ತುಳು ಜನಪದ ಸಾಹಿತ್ಯ’ 1985ರಲ್ಲಿ, ಕೆ. ಚಿನ್ನಪ್ಪ ಗೌಡರ ‘ಭೂತಾರಾಧನೆ’ಯ ಅಧ್ಯಯನ 1990ರಲ್ಲಿ ಪ್ರಕಟವಾದವು. ಇವರಿಬ್ಬರು, ಲೌರಿ ಹೊಂಕೊ ಮತ್ತು ಅನ್ನೆಲಿ ಹೊಂಕೊ ಸೇರಿದ ತಂಡ 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರಿಂದ ಸಿರಿ ಕಾವ್ಯವನ್ನು ದಾಖಲಿಸಿಕೊಂಡಿತು. 15,683 ಸಾಲುಗಳ ಆ ಪಠ್ಯ ಇಂಗ್ಲಿಷ್ ಅನುವಾದದೊಂದಿಗೆ 1998ರಲ್ಲಿ ಫಿನ್ಲೆಂಡಿನಿಂದ ಪ್ರಕಟವಾಯಿತು; ಪಠ್ಯೀಕರಣವನ್ನು ಕುರಿತ ಹೊಂಕೊ ಅವರ ಗ್ರಂಥವೂ ಜೊತೆಗೆ ಬಂತು. ನಾಲ್ವರು ವಿದ್ವಾಂಸರು, ಎರಡು ದೇಶಗಳ ನೆರವು, ಒಬ್ಬ ಗಾಯಕ, ಎಂಟು ವರ್ಷ. ಒಂದು ಮೌಖಿಕ ಮಹಾಕಾವ್ಯವನ್ನು ಸರಿಯಾಗಿ ದಾಖಲಿಸಲು ಎಷ್ಟು ಕಾಲ ಬೇಕು ಎಂಬುದಕ್ಕೆ ಇದು ಅಳತೆಗೋಲು. ಇಲ್ಲಿ ಹೇಳಬೇಕಾದ ಮಾತೊಂದಿದೆ: ಸಿರಿಯ ದಾಖಲಾತಿ ಶೂನ್ಯದಿಂದ ಎದ್ದದ್ದಲ್ಲ. ದಶಕಗಳ ಕಾಲ ಕರಾವಳಿಯ ಶಾಲೆ, ಕಾಲೇಜುಗಳ ಅಧ್ಯಾಪಕರು ಬಿಡಿಬಿಡಿಯಾಗಿ ಪಾಡ್ದನಗಳನ್ನು ಸಂಗ್ರಹಿಸಿದ್ದರಿಂದಲೇ ಯಾವ ಗಾಯಕರಲ್ಲಿ ಯಾವ ಕಾವ್ಯವಿದೆ ಎಂಬ ತಿಳಿವಳಿಕೆ ಆ ಪ್ರದೇಶದಲ್ಲಿ ಹರಡಿತ್ತು.

ಉಡುಪಿಯ ಮಾದರಿ ಕರ್ನಾಟಕದಲ್ಲಿ ಏಕೆ ಹರಡಲಿಲ್ಲ? ತಮಿಳುನಾಡಿನ ಪಾಳಯಂಕೋಟೆಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ 1980ರ ದಶಕದಲ್ಲಿ ಹೀಗೆಯೇ ಜಾನಪದ ಸಂಶೋಧನಾ ಕೇಂದ್ರವೊಂದು ನೆಲೆಗೊಂಡಿತು. ಎರಡೂ ಕಡೆಗಳಲ್ಲಿ ಸಮಾನವಾದ ಸಂಗತಿಗಳಿವೆ. ಅಧ್ಯಾಪಕರು ಒಂದೇ ಊರಿನಲ್ಲಿ ದೀರ್ಘಕಾಲ ಉಳಿಯುವ ಖಾಸಗಿ ಕಾಲೇಜು, ವಿದ್ವತ್ತಿನಲ್ಲಿ ಆಸಕ್ತಿಯುಳ್ಳ ಆಡಳಿತ, ಹೊರಗಿನ ಹಣವನ್ನು ತರಬಲ್ಲ ಒಬ್ಬಿಬ್ಬರು ವ್ಯಕ್ತಿಗಳು. ಸರ್ಕಾರಿ ಕಾಲೇಜುಗಳಲ್ಲಿ ಅಧ್ಯಾಪಕರಿಗೆ ವರ್ಗಾವಣೆಯುಂಟು. ಚಾಮರಾಜನಗರದ ಸೀಮೆಯಲ್ಲಿ ನೀಲಗಾರರ ಪರಿಚಯ ಮಾಡಿಕೊಂಡವರು ರಾಯಚೂರಿಗೆ ಹೋದರೆ ಅಲ್ಲಿ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕು. ಅವರ ಜಾಗಕ್ಕೆ ಬಂದವರಿಗೆ ಹಿಂದಿನವರ ಧ್ವನಿಸುರುಳಿಗಳ ಸುದ್ದಿಯೇ ಇರುವುದಿಲ್ಲ. ಜೊತೆಗೆ ಉಡುಪಿಯ ಮಾದರಿಯಲ್ಲೇ ಒಂದು ದೌರ್ಬಲ್ಯವಿತ್ತು. ಅದು ಹರಿದಾಸ ಭಟ್ಟರಂತಹ ವ್ಯಕ್ತಿಗಳನ್ನು ಅವಲಂಬಿಸಿತ್ತು. ವ್ಯಕ್ತಿಯ ಉತ್ಸಾಹವನ್ನು ನಿಯಮವಾಗಿ ಪರಿವರ್ತಿಸುವ ಕೆಲಸ ರಾಜ್ಯದ ಮಟ್ಟದಲ್ಲಿ ಆಗಲಿಲ್ಲ.

ನಿಯಮವಾಗಿ ಬಂದದ್ದು ಬೇರೆಯೇ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಬಂದು ಓರಿಯಂಟೇಶನ್, ರಿಫ್ರೆಶರ್ ಕೋರ್ಸುಗಳು ಬಡ್ತಿಯ ಶರತ್ತುಗಳಾದವು. ಈ ಕೋರ್ಸುಗಳಿಂದ ಉಪಯೋಗವಾಗಲಿಲ್ಲ ಎನ್ನುವುದು ಅನ್ಯಾಯ. ರಚನಾತ್ಮಕ ವಿಶ್ಲೇಷಣೆ, ಪ್ರದರ್ಶನ ಸಿದ್ಧಾಂತಗಳ ಹೆಸರನ್ನು ಎಷ್ಟೋ ಕಾಲೇಜು ಅಧ್ಯಾಪಕರು ಮೊದಲು ಕೇಳಿದ್ದು ಅಲ್ಲಿಯೇ. 1994ರಲ್ಲಿ ಸ್ಥಾಪನೆಯಾದ ನ್ಯಾಕ್ ಕಾಲೇಜುಗಳ ಮೌಲ್ಯಾಂಕನದಲ್ಲಿ ಸಂಶೋಧನೆಯನ್ನು ಒಂದು ಮಾನದಂಡವಾಗಿ ಇಟ್ಟ ಮೇಲೆ ಕಿರು ಸಂಶೋಧನಾ ಯೋಜನೆಗಳಿಗೆ ಬೇಡಿಕೆ ಬಂತು. ಅಧ್ಯಾಪಕರು ಸಂಶೋಧನೆ ಮಾಡಿದರೆ ಕಾಲೇಜಿಗೆ ಲಾಭ ಎಂಬುದು ಮೊದಲ ಬಾರಿಗೆ ಆಡಳಿತ ಮಂಡಳಿಗಳಿಗೆ ಮನವರಿಕೆಯಾಯಿತು. 

ಆದರೆ ಕಿರು ಯೋಜನೆಯ ಅವಧಿ ಹದಿನೆಂಟು ತಿಂಗಳಿಂದ ಎರಡು ವರ್ಷ. ಅದು ಮುಗಿಯುವುದರೊಳಗೆ ತರಗತಿಗಳನ್ನು ತಪ್ಪಿಸದೆ ಕ್ಷೇತ್ರಕಾರ್ಯ ಮಾಡಿ, ಲೆಕ್ಕ ಒಪ್ಪಿಸಿ, ಹಣ ಬಳಕೆಯ ಪ್ರಮಾಣಪತ್ರ ಪಡೆದು, ವರದಿ ಸಲ್ಲಿಸಬೇಕು. ಎಫ್.ಐ.ಪಿ. ಕೊಟ್ಟದ್ದು ಕಾಲವನ್ನು, ಕಿರು ಯೋಜನೆ ಕೊಟ್ಟದ್ದು ಹಣವನ್ನು, ಕಾಲವಿಲ್ಲದ ಹಣವನ್ನು. ಅದರ ಫಲಿತಾಂಶ ವರದಿಗಳಲ್ಲಿಯೇ ಕಾಣುತ್ತದೆ. ಪ್ರಶ್ನಾವಳಿ ಹಂಚಿ, ಶೇಕಡಾವಾರು ಲೆಕ್ಕ ಕೊಟ್ಟು ಮುಗಿಸುವ ಜಾನಪದ ಅಧ್ಯಯನಗಳು ಹೆಚ್ಚಿದವು. ವರದಿಯ ಪ್ರತಿ ಆಯೋಗಕ್ಕೆ ಹೋಗುತ್ತದೆ, ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಉಳಿಯುತ್ತದೆ. ಅದನ್ನು ಇನ್ನೊಬ್ಬ ಸಂಶೋಧಕರು ಕಾಣುವ ದಾರಿಯನ್ನು ಯಾರೂ ಮಾಡಲಿಲ್ಲ.

2010ರ ಆಯೋಗದ ನಿಯಮಾವಳಿಯೊಂದಿಗೆ ಅಂಕಗಳ ಕಾಲ ಬಂತು. ಪ್ರಬಂಧಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು, ವಿಚಾರ ಸಂಕಿರಣಕ್ಕೆ ಇಷ್ಟು ಎಂಬ ಎ.ಪಿ.ಐ. ಪದ್ಧತಿಯಲ್ಲಿ ಐ.ಎಸ್.ಎಸ್.ಎನ್. ಸಂಖ್ಯೆ ಇರುವ ಪತ್ರಿಕೆಯ ನಾಲ್ಕು ಪುಟಗಳ ಲೇಖನಕ್ಕೆ ಅಂಕವಿತ್ತು. ಐವತ್ತು ಗಂಟೆಗಳ ಧ್ವನಿಮುದ್ರಣವನ್ನು ಲಿಪ್ಯಂತರ ಮಾಡಿ, ಶಬ್ದಾರ್ಥ ಬರೆದು, ವಕ್ತೃಗಳ ವಿವರದೊಂದಿಗೆ ಸಂಗ್ರಹಾಲಯಕ್ಕೆ ಕೊಟ್ಟವರಿಗೆ ಪಟ್ಟಿಯಲ್ಲಿ ಮನೆಯೇ ಇರಲಿಲ್ಲ. ಜಾನಪದದಲ್ಲಿ ಸಂಗ್ರಹವೇ ಸಂಶೋಧನೆಯ ಅರ್ಧ ಭಾಗ. ಆ ಅರ್ಧಕ್ಕೆ ಸೊನ್ನೆ ಬಿದ್ದಾಗ ಅಧ್ಯಾಪಕರು ಹಳ್ಳಿಯ ಬದಲು ಸಂಕಿರಣಕ್ಕೆ ಹೋದದ್ದು ಸಹಜ. ಅವರನ್ನು ದೂರಿ ಫಲವಿಲ್ಲ. ಅದೇ ನಿಯಮಾವಳಿಯಲ್ಲಿ ವಾರಕ್ಕೆ ಕನಿಷ್ಠ 6 ಗಂಟೆಗಳನ್ನು ಸಂಶೋಧನೆಗೆ ಮೀಸಲಿಡಬಹುದೆಂಬ ಮಾತೂ ಇತ್ತು. ಸಹಾಯಕ ಪ್ರಾಧ್ಯಾಪಕರ 16 ಗಂಟೆಗಳ ಬೋಧನೆ ಕಟ್ಟುನಿಟ್ಟಾಗಿ ಜಾರಿಗೆ ಬಂತು, 6 ಗಂಟೆಗಳ ಮಾತು ಬಹುತೇಕ ಕಾಗದದಲ್ಲಿ ಉಳಿಯಿತು. 2018ರ ನಿಯಮಾವಳಿ ಕಾಲೇಜು ಅಧ್ಯಾಪಕರ ಮಟ್ಟಿಗೆ ಅಂಕಗಳ ಹಗ್ಗವನ್ನು ಸಡಿಲಿಸಿತು. ಆ ವೇಳೆಗೆ, ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅವಧಿ 2017ರಲ್ಲಿ ಮುಗಿಯುವುದರೊಂದಿಗೆ, ಆಯೋಗದ ಕಿರು ಮತ್ತು ಬೃಹತ್ ಸಂಶೋಧನಾ ಯೋಜನೆಗಳೇ ನಿಂತುಹೋಗಿದ್ದವು. ಒತ್ತಾಯವೂ ಹೋಯಿತು, ನೆರವೂ ಹೋಯಿತು. 2022ರಲ್ಲಿ ಆಯೋಗವು ಸೇವೆಯಲ್ಲಿರುವ ಅಧ್ಯಾಪಕರಿಗಾಗಿ ಹೊಸ ಅನುದಾನವನ್ನು ಪ್ರಕಟಿಸಿತು. ಎರಡು ವರ್ಷಗಳಿಗೆ 10 ಲಕ್ಷ ರೂಪಾಯಿ, ಇಡೀ ದೇಶದಲ್ಲಿ 200 ಮಂದಿಗೆ. ಅದೇ ವರ್ಷದ ಪಿಎಚ್.ಡಿ. ನಿಯಮಾವಳಿಯೊಂದಿಗೆ, ಕಾಲೇಜು ಅಧ್ಯಾಪಕರಿಗೆ ಸಂಶೋಧನೆಯ ಮೊದಲ ಮೆಟ್ಟಿಲಾಗಿದ್ದ ಎಂ.ಫಿಲ್. ಪದವಿ ರದ್ದಾಯಿತು.

ಈ ಎಲ್ಲ ಯೋಜನೆಗಳ ಮೂಲದಲ್ಲಿ ಒಂದು ಗ್ರಹಿಕೆಯಿದೆ: ಕಾಲೇಜಿನಲ್ಲಿ ಕಲಿಸುವವರು ಖಾಯಂ ಅಧ್ಯಾಪಕರು ಎಂಬುದು. ಎಫ್.ಐ.ಪಿ. ರಜೆ ಖಾಯಂ ನೌಕರಿಗೆ ಸೇರಿದ್ದು. ಬಡ್ತಿಯ ಅಂಕ, ಪಿಎಚ್.ಡಿ.ಯ ವೇತನ ಬಡ್ತಿ ಎಲ್ಲವೂ ಖಾಯಂ ಹುದ್ದೆಯವು. ಕರ್ನಾಟಕದಲ್ಲಿ ಇಂದು ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅವುಗಳಲ್ಲಿ ಬೋಧನೆಯ ದೊಡ್ಡ ಪಾಲನ್ನು ಹೊತ್ತಿರುವವರು ಅತಿಥಿ ಉಪನ್ಯಾಸಕರು. 2021ರ ಡಿಸೆಂಬರಿನಿಂದ 2022ರ ಜನವರಿಯವರೆಗೆ ಅವರು ನಡೆಸಿದ ಮುಷ್ಕರದ ನಂತರ ಗೌರವಧನ ಹೆಚ್ಚಿತು. ಸಂಶೋಧನೆಯ ಸೌಲಭ್ಯ ಮಾತ್ರ ಅವರಿಗೆ ಸೇರಿದ್ದಾಗಲಿಲ್ಲ. ಇವರಲ್ಲಿ ಜಾನಪದದಲ್ಲಿ ಪಿಎಚ್.ಡಿ. ಪಡೆದವರಿದ್ದಾರೆ, 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅಂಥವರ ಸಂಖ್ಯೆ ಬೆಳೆಯುತ್ತಲೇ ಇದೆ. ವಿಶ್ವವಿದ್ಯಾನಿಲಯದಲ್ಲಿ ತರಬೇತಿ ಪಡೆದು, ವಕ್ತೃವಿನ ವಿವರ ದಾಖಲಿಸುವ ಶಿಸ್ತು ಕಲಿತು, ಮತ್ತೆ ತಮ್ಮದೇ ತಾಲೂಕಿನ ಕಾಲೇಜಿಗೆ ಬಂದು ಕಲಿಸುತ್ತಿರುವವರು ಇವರು. 1960ರ ದಶಕದ ಅಧ್ಯಾಪಕರಿಗೆ ಇಲ್ಲದಿದ್ದ ತರಬೇತಿ ಇವರಿಗಿದೆ. ಅವರಿಗಿದ್ದ ವರ್ಷವಿಡೀ ಸಂಬಳ ಇವರಿಗಿಲ್ಲ. ಬೇಸಿಗೆ ರಜೆ ಬಂದಾಗ, ಜಾತ್ರೆ-ನೇಮಗಳ ಕಾಲದಲ್ಲಿ, ಇವರು ಬೇರೆ ದುಡಿಮೆ ಹುಡುಕಬೇಕಾಗುತ್ತದೆ.

ಉಳಿದಿರುವುದು ಸಂಗ್ರಹಗಳ ಪ್ರಶ್ನೆ. 1970ರಿಂದ 1990ರವರೆಗೆ ಕಾಲೇಜು ಅಧ್ಯಾಪಕರು ಮುದ್ರಿಸಿಕೊಂಡ ಸುರುಳಿಗಳು, ಕ್ಯಾಸೆಟ್ಟುಗಳು ಬಹುಪಾಲು ಅವರವರ ಮನೆಗಳಲ್ಲಿಯೇ ಇವೆ. ಕಾಲೇಜುಗಳಲ್ಲಿ ಇಡಲು ವ್ಯವಸ್ಥೆ ಇರಲಿಲ್ಲ. ವಿಶ್ವವಿದ್ಯಾನಿಲಯಗಳು ಮಹಾಪ್ರಬಂಧದ ಪ್ರತಿಯನ್ನು ಕೇಳಿದವೇ ಹೊರತು ಧ್ವನಿಮುದ್ರಿಕೆಯನ್ನು ಕೇಳಲಿಲ್ಲ. ಕರಾವಳಿಯ ಮತ್ತು ಮಲೆನಾಡಿನ ತೇವದಲ್ಲಿ ಕ್ಯಾಸೆಟ್ಟಿನ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ, ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುದ್ರಿತ ಪ್ರಬಂಧದಲ್ಲಿ ಉದಾಹರಣೆಗೆಂದು ಬಂದ ಹತ್ತಿಪ್ಪತ್ತು ಸಾಲುಗಳ ಹಿಂದೆ ಇಡೀ ರಾತ್ರಿಯ ಹಾಡಿಕೆ ಇರುತ್ತದೆ, ಮತ್ತು ಅದು ಆ ಪಟ್ಟಿಯಲ್ಲಿ ಮಾತ್ರ ಇದೆ. ಅದನ್ನು ಹಾಡಿದವರಲ್ಲಿ ಹೆಚ್ಚಿನವರು ಈಗಿಲ್ಲ. ಮುದ್ರಿಸಿಕೊಂಡ ಅಧ್ಯಾಪಕರೂ ನಿವೃತ್ತರಾಗಿದ್ದಾರೆ. ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿಯಲ್ಲಿ ಊರಿನ ಹೆಸರು, ತಾರೀಖು ಇನ್ನೂ ಓದಲು ಬರುವಷ್ಟು ಕಾಲ ಅವುಗಳನ್ನು ಗುರುತಿಸಿ ಪಟ್ಟಿ ಮಾಡಲು ಸಾಧ್ಯವಿದೆ. ಆಯಾ ತಾಲೂಕಿನ ಕಾಲೇಜಿನ ಕನ್ನಡ ವಿಭಾಗಕ್ಕೆ ಹೊಸ ಅನುದಾನದ ಅಗತ್ಯವೂ ಇಲ್ಲದೆ ಈಗಲೇ ಆಗಬಹುದಾದ ಕೆಲಸವಿದು.